ಎರಡನೇ ಸಾರಿ ಆದಮೇಲೆ

ಕೋಲಾರದ ಮಂಡಿಯಲ್ಲಿ ಹದಿನೇಳು ವರ್ಷ
ಟೊಮೆಟೊ ಹರಾಜು ಕೂಗಿದ ಗಂಟಲು ಇದು.
ಆರಕ್ಕೆ ಚೌಡರೆಡ್ಡಿ ಮಂಡಿ,
ಎಂಟಕ್ಕೆ ಪ್ಯಾರೇಜಾನ್ ಸಾಹೇಬರದು,
ಹತ್ತರ ಮೇಲೆ ಯಾರು ಕರೆದರೆ ಅವರದು.
ಒಂದ್ಸಾರಿ ಎರಡ್ಸಾರಿ ಮೂರ್ಸಾರಿ—
ಮೂರನ್ನೂ ಒಂದೇ ಉಸಿರಲ್ಲಿ ಹೊಲಿದುಬಿಡುತ್ತಿದ್ದೆ,
ನಡುವೆ ಸೊಳ್ಳೆ ನುಗ್ಗಲೂ ಸಂದಿ ಇರಲಿಲ್ಲ.
‘ಪಿಳ್ಳಪ್ಪ ಕೂಗಿದರೆ ದಿಲ್ಲಿ ಲಾರಿ
ತಾನೇ ಸ್ಟಾರ್ಟಾಗುತ್ತೆ’ ಅನ್ನೋರು.
ನಾನೂ ನಂಬಿದ್ದೆ.

ಜೇಬಲ್ಲಿ ಲವಂಗ, ಕಲ್ಲುಸಕ್ಕರೆ, ಹಳದಿ ಮಾತ್ರೆ.
ಮನೆ ಸೇರುವಷ್ಟರಲ್ಲಿ ಮಾತು ಖರ್ಚಾಗಿರುತ್ತಿತ್ತು.
ನೀರು, ಅನ್ನ, ಲೈಟು ಆರಿಸು,
ಎಲ್ಲಕ್ಕೂ ಒಂದೊಂದು ಕೈಸನ್ನೆ.
ಐದನೇ ಕ್ಲಾಸಿನ ಮಗಳು ಪ್ರಬಂಧ ಬರೆದಳು:
‘ನಮ್ಮಪ್ಪ ಮಂಡಿಯಲ್ಲಿ ಮಾತಾಡುತ್ತಾರೆ.
ಮನೆಯಲ್ಲಿ ಕೆಮ್ಮುತ್ತಾರೆ.’
ಹತ್ತಕ್ಕೆ ಎಂಟು ಅಂಕ.

ಜುಲೈ, ಸೀಸನ್ನಿನ ನೆತ್ತಿ.
‘ಏಳ್ನೂರಾ’ ಅಂದೆ,
ಇಪ್ಪತ್ತು ಬರಲಿಲ್ಲ. ಗಾಳಿ ಬಂತು.
ಪಕ್ಕದಲ್ಲಿ ಚೀಟಿ ಬರೆಯುತ್ತಿದ್ದ ಬಾಬಾಜಾನ್
ಆ ಲಾಟು ಅವನೇ ಕೂಗಿ ಮುಗಿಸಿದ.
ಕೊಳ್ಳುವವರು ಯಾರೂ ತಲೆ ಎತ್ತಿ ನೋಡಲಿಲ್ಲ.
ಗಂಟಲಿಗಿಂತ ಅದೇ ಜಾಸ್ತಿ ನೋವಾಯಿತು.

ಟಮಕದ ಆಸ್ಪತ್ರೆಯಲ್ಲಿ ಮೂಗಿನೊಳಗೆ ಕೊಳವೆ ಇಳಿಸಿ
ಪರದೆ ಮೇಲೆ ತೋರಿಸಿದರು:
ಎಳೆ ತೊಗರಿಕಾಳಿನಂಥ ಎರಡು ಗಂಟು.
‘ಇಪ್ಪತ್ತೊಂದು ದಿನ ಮಾತು ಬೇಡ,
ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು.’
ಚೀಟಿಯ ಹಿಂದೆ ‘ಸೀಸನ್ನು’ ಅಂತ ಬರೆದೆ.
ಡಾಕ್ಟರಮ್ಮ ಓದಿ,
‘ಅದು ಟೊಮೆಟೊದ್ದು’ ಅಂದರು.

ಮೊದಲ ವಾರ ಬಾಯಿ ಕಟ್ಟಿದ ಗೋಣಿಚೀಲ.
ನಿದ್ದೆಯಲ್ಲೂ ತುಟಿ ರೇಟು ಏರಿಸುತ್ತಿತ್ತಂತೆ.
ಎಂಟನೇ ದಿನ ಮನೆಯಲ್ಲಿ ಕೂರಲಾರದೆ
ಅಂತರಗಂಗೆಯ ಮೆಟ್ಟಿಲು ಹತ್ತಿದೆ.
ಕಲ್ಲು ಬಸವನ ಬಾಯಿಂದ ನೀರು ಬೀಳುತ್ತಿತ್ತು.
ಬಾಟಲಿ ಹಿಡಿದ ಬಸ್ಸು ತುಂಬ ಜನ ಬಂದರು,
ಬಸವ ಜೋರು ಮಾಡಲಿಲ್ಲ.
ಅವರು ಹೋದರು, ಕೋತಿಯೊಂದೇ ಉಳಿಯಿತು,
ಆಗಲೂ ಅಷ್ಟೇ ದಪ್ಪದ ಧಾರೆ.
ಹೊಟ್ಟೆಕಿಚ್ಚಾಯಿತು, ನಿಜ ಹೇಳ್ತೀನಿ.

ಅವತ್ತು ರಾತ್ರಿ ಮುನಿರತ್ನಮ್ಮ
ಅವರೆಕಾಯಿ ಬಿಡಿಸುತ್ತ ಅಂದಳು:
‘ಎಡಗಿವಿ ಕೇಳಿಸಲ್ಲ ಅಂತ
ಎರಡು ಸಾರಿ ಹೇಳಿದೀನಿ ನಿಮಗೆ.’
‘ಯಾವಾಗ?’ ಅನ್ನಲು ಬಾಯಿಲ್ಲ.
‘ನೋಡೋಣ ಬಿಡು’ ಅನ್ನಲೂ ಬಾಯಿಲ್ಲ.
ಎದ್ದು, ಅವಳ ಬಲಕ್ಕೆ ಹೋಗಿ ಕೂತೆ.
ಅಷ್ಟು ವರ್ಷ ನಾನು ಕೂರುತ್ತಿದ್ದದ್ದು ಎಡಕ್ಕೆ.

ಈಗ ಒಂದೇ ಮಂಡಿ. ಆರರಿಂದ ಒಂಬತ್ತು.
ಸಂಪಾದನೆ ಅರ್ಧಕ್ಕಿಳಿದಿದೆ, ಮುಚ್ಚಿಡುವುದೇನು.
ಒಂದು ಚೀಟಿ ಬಿಟ್ಟೆ.
ಮಹಡಿ ಕಟ್ಟುವ ಮಾತು ನಾಲ್ಕು ಕಂಬಿಗಳಾಗಿ
ಆಕಾಶ ನೋಡುತ್ತ ನಿಂತಿದೆ,
ಮುನಿರತ್ನಮ್ಮ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ.

ಕೆಲಸಕ್ಕೆ ಮರಳಿದ ದಿನ ದನಿ ಸಣ್ಣಗಿತ್ತು.
ಕೇಳಿಸದವರು ಹತ್ತಿರ ಬಂದರು.
ಮುಳಬಾಗಿಲು ಕಡೆಯ ಒಬ್ಬ ಹೆಂಗಸಿನ ಲಾಟು,
ನಲವತ್ತು ಬಾಕ್ಸು, ನಾನೂರ ಮೂವತ್ತು.
ಒಂದ್ಸಾರಿ.
ಎರಡ್ಸಾರಿ.
ಉಸಿರು ಎಳೆದುಕೊಂಡೆ, ಡಾಕ್ಟರಮ್ಮನ ಅಪ್ಪಣೆ.
ಆ ಸಂದಿಯಲ್ಲಿ
ಕಂಬಕ್ಕೊರಗಿ ಗಡ್ಡ ಕೆರೆಯುತ್ತಿದ್ದವನು
‘ಐವತ್ತು’ ಅಂದ.

ದಿನಾ ಹೀಗಾಗುವುದಿಲ್ಲ.
ಮರುದಿನ ಅದೇ ಸಂದಿಯಲ್ಲಿ
ಲಾರಿ ಹಾರನ್ ಮಾತ್ರ ಬಂತು.
ಆದರೂ ನಿಲ್ಲುತ್ತೇನೆ, ಒಂದು ಉಸಿರು,
ಲಾಟಿಗೊಂದು.

ನನ್ನ ಬಾಕಿ ಮಂಡಿಗಳೆಲ್ಲ ಈಗ ಬಾಬಾಜಾನನವು.
‘ನಿಧಾನ ಕಣಪ್ಪ’ ಅಂದರೆ
‘ಸೀಸನ್ ಮುಗೀಲಿ ಅಣ್ಣ’ ಅಂತಾನೆ,
ದನಿ ಆಗಲೇ ಮರಳು ಕಾಗದ.
ಮನೆಗೆ ಹೊರಡುವ ಮುಂಚೆ
ಅವನ ಜೇಬಿಗೆ ಕೈ ಹಾಕಿ
ಒಂದು ಲವಂಗ ಕದಿಯುತ್ತೇನೆ.
ಹಲ್ಲಲ್ಲಿ ಕಚ್ಚಿ ನಿಂತಿರುತ್ತೇನೆ, ಸ್ವಲ್ಪ ಹೊತ್ತು,
ಅವನು ತಿರುಗಿ ನೋಡಲಿ ಅಂತ.