ಪ್ರೂಫ್

ಅಂದಾನಿ ಮಾರಿ ನೋಡಿ ಮಾತಾಡಂಗಿಲ್ಲ.
ಗದಗಿನ ನಮ್ಮ ಪ್ರೆಸ್ಸಿನ್ಯಾಗ ಮಷೀನ್ ಎದ್ದರ
ಕಿವಿಗೆ ಅರಳಿ ತುರುಕಿ
ಹಾಳಿ ಮ್ಯಾಲೆ ಬಾಗತಾನ, ಬಾವಿ ಇಣಕಿದಂಗ.
ಆಟಿಸಂ ಅಂತ ಹುಬ್ಬಳ್ಳಿ ಡಾಕ್ಟರ್ ಬರದ ಚೀಟಿ,
ಅದರಾಗಿನ ತಪ್ಪೂ ಇಂವನ ತಿದ್ಯಾನ.

ನಿನ್ನೆ ಮುಳಗುಂದದವರ ಲಗ್ನಪತ್ರಿಕಿ.
ಮೂರು ಮಂದಿ ಓದಿ ಸೈ ಅಂದಿದ್ವಿ.
ಇಂವ ಬೆರಳಿಟ್ಟ:
“ನೀಲವ್ವಗ ‘ಲಿಂ.’ ಯಾಕ ಹಚ್ಚೀರಿ?
ಮೊನ್ನೆ ಅಡ್ವಾನ್ಸ್ ಕೊಟ್ಟಾಕಿ ಆಕೀನ.
ಐದುನೂರರ ನಾಲ್ಕು ನೋಟು, ಒಂದು ಹರದಿತ್ತು.”

ಒಂದಕ್ಷರ, ಒಂದು ಚುಕ್ಕಿ ಅಳಿಸಿದ.
ಮುದುಕಿ ಜೀವಂತ ಅಕ್ಕಿಕಾಳಿಗೆ ಹೊಂಟ್ಲು.

ಬೆನ್ನು ಚಪ್ಪರಿಸಾಕ ಹೋದ್ವಿ, ಸರದು ನಿಂತ.
ಆಮ್ಯಾಲೆ ಕಿಡಕಿ ಬೆಳಕಿಗೆ ಹಾಳಿ ಹಿಡದು
ಒಬ್ಬನ ನಕ್ಕ:
“ಈ ‘ಳ’ ನೋಡ್ರಿ.
ಎಷ್ಟು ಛಂದ ಹೊಳ್ಳೇತಿ.”