ಬಿಆರ್ ಸೊನ್ನಿ

ಮಾರ್ಚಿನ್ಯಾಗ ಬ್ಯಾಡಗ್ಯಾಗ ಕಂಪ್ಯೂಟರ್ ಬಿಚ್ಚಬಾರದು.
ಮುಚ್ಚಳ ತಗದ್ನೋ ಇಲ್ಲೋ, ಫ್ಯಾನಿನ ರೆಕ್ಕಿ ತುಂಬ ಕೆಂಪು ಧೂಳು,
ಮೂರು ಸೀನು ಒಮ್ಮೆಲೇ,
ಸ್ಕ್ರೂ ಉಳ್ಳ್ಯಾಡಿ ಕಪಾಟಿನ ತಳಾ ಸೇರಿತು.
ಮನಿ ಕೆಳಗ ಗೋದಾಮು. ಆ ಘಾಟಿನ ಮ್ಯಾಲೆ
ನಾನು ಉಸಿರಾಡಾಕ ಹತ್ತಿ ಹತ್ತೊಂಬತ್ತು ವರ್ಷಾತು.

ಡಬ್ಬಿ ಅಂದ್ರ ನಮ್ಮೂರಾಗ ಮೆಣಸಿನಕಾಯಿ ಜಾತಿ.
ನಾ ಹೇಳೂದು ಕಬ್ಬಿಣದ್ದು:
ದಲಾಲಿ ಅಂಗಡಿಯ ಹಳೇ ಲೆಕ್ಕದ ಮಷೀನು,
ಗುಜರಿಗೆ ಹೊಂಟದ್ದನ್ನ ನಾನ ಹಿಡಕೊಂಡೆ.
ಈಗ ಅದರ ಹೊಟ್ಟ್ಯಾಗ ಫೋಟೋ, ತೂಕದ ಚೀಟಿ,
ಅತ್ತೀ ದನ್ಯಾಗ ಹದಿನೆಂಟು ಕತಿ.

ತ್ರಾಸು ಏನಂದ್ರ,
ಪಡಸಾಲಿ ಟಿವಿ ವಾಯರಿನ ಕಡೆ,
ನನ್ನ ಫೋನು ಗಾಳಿ ಕಡೆ.
ಇದಕ್ಕ ಅದು ಕಾಣಂಗಿಲ್ಲ, ಅದಕ್ಕ ಇದು.
ಒಂದ ಡಬ್ಬಿಗೆ ಎರಡೂ ಜೋತುಬಿದ್ದಾವ,
ಮಾತಿಲ್ಲ.
"ಬೀಗರ ಸಿಟ್ಟು ಇದ್ದಂಗೈತಿ ಬಿಡು" ಅಂದ್ರು ಅತ್ತಿ,
ಎಲಿಗೆ ಸುಣ್ಣ ಹಚ್ಚಿಕೋತ.

ಸೇತುವಿ ಕಟ್ಟಾಕ ಕುಂತೆ.
ಕಲ್ಲಿಲ್ಲ, ಗಾರಿಲ್ಲ, ಏಳು ಸಾಲು ಅಕ್ಷರ.
ಸೇತುವಿ ಹೆಸರು ಬಿಆರ್ ಸೊನ್ನಿ.
ವಾಯರಿನ ಕಾರ್ಡು ಅದಕ್ಕ ಸೇರಿಸಿದ್ದ ತಡ
ಡಬ್ಬಿ ಮೂಕಾತು. ಕರದ್ರ ಓ ಅನ್ನಂಗಿಲ್ಲ.
ಹಳೇ ಮಾನಿಟರ್ ಮೆಟ್ಟಲ ಹತ್ತಿಸಿ ತಂದು ನೋಡ್ತೀನಿ:
ಕಾರ್ಡು ತನ್ನ ನಂಬರು ತಾನ ಇಟ್ಟಕೊಂಡು ಕುಂತೈತಿ.
ಸೇತುವಿಗೆ ಬಂದ ಮ್ಯಾಲೆ ವಿಳಾಸ ಸೇತುವಿಗೆ ಒಪ್ಪಿಸಬೇಕು,
ತನ್ನ ಹತ್ರ ಇರಬಾರದು, ಇದ್ದರ ಕೆಟ್ಟತು.

ಅಳಸೂ ಗುಂಡಿ ಮ್ಯಾಲೆ ಬೆರಳು ನಿಂತತು.

ಶಿಗ್ಗಾವಿಯೊಳಗ ನಾನು ಇಂದುಮತಿ.
ಇಲ್ಲಿ, ಅಕ್ಕಿ ಹರವಿದ ತಾಟಿನ್ಯಾಗ
ಉಂಗರಲೇ ವಿಶಾಲಾಕ್ಷಿ ಅಂತ ಬರದ್ರು.
ಎಲ್ಲಾರೂ ಚಪ್ಪಾಳಿ ಹೊಡದ್ರು, ನಾನೂ ಹೊಡದೆ.
ಆ ಅಕ್ಕಿ ಅವತ್ತ ಸಂಜೀಕ ಅನ್ನಾ ಮಾಡಿದ್ರೋ ಏನೋ,
ಕೇಳಿಲ್ಲ.

ಅಳಸಿದೆ. ಸೇತುವಿಗೆ ನಂಬರು ಕೊಟ್ಟೆ.
ಕಾರ್ಖಾನ್ಯಾಗ ಕಾರ್ಡಿನ ಮೈಗೆ ಕೆತ್ತಿದ ಹನ್ನೆರಡು ಅಕ್ಷರ
ಹಂಗ ಉಳದಿದ್ದು. ಅವನ್ನ ಯಾರೂ ಕೇಳೂದಿಲ್ಲ.

ಗಾಳಿ ಕಾರ್ಡು ಹಠಮಾರಿ.
ಬ್ಯಾರೇವರ ಗಾಳಿಗೆ ಜೋತುಬಿದ್ದಾಗ
ಸೇತುವಿಗೆ ಬರಂಗಿಲ್ಲ ಅಂತು, ಬರಲೇ ಇಲ್ಲ.
ತಾನ ಒಡತಿಯಾಗಿ,
ತನ್ನ ಹೆಸರು ತಾನ ಕೂಗಿದ್ರ ಮಾತ್ರ ಬರತೈತಿ.
ಯಾವ ಹೆಸರು ಅಂತ ಒಂದು ಖಾಲಿ ಸಾಲು ಕೇಳತು.
ಹಿಂದ ಮುಂದ ನೋಡಲಿಲ್ಲ. ಹೊಡದೆ.

ಸೇತುವಿ ಎದ್ದ ಕೂಡಲೆ ದಾಟಸಂಗಿಲ್ಲ.
ಹದಿನೈದು ಸೆಕೆಂಡು ಬರೇ ಕೇಳತೈತಿ.
ಇನ್ನ ಹದಿನೈದು, ಯಾರು ಯಾವ ಕಡೆ ಅಂತ ಕಲೀತೈತಿ.
ಆಮ್ಯಾಲೆ ದಾರಿ ಬಿಡತೈತಿ.
ಪುಣ್ಯವಂತ, ಅರ್ಧ ನಿಮಿಷದಾಗ ಮುಗಸತೈತಿ.

ಪಡಸಾಲ್ಯಾಗ ಟಿವಿ ಕೆಮ್ಮಿ, ಕತಿ ಸುರು ಮಾಡಿತು.
ಅತ್ತಿ ಎಲಿ ಬಿಟ್ಟು ಕಿವಿಗೊಟ್ರು:
"ಯಾರಾಕಿ, ನನ್ನ ಕತಿ ನನ್ನಂಗ ಹೇಳಾಕ್ಹತ್ತ್ಯಾಳ?"

ಗೋದಾಮಿನ್ಯಾಗ ತೊಟ್ಟು ಮುರಿಯೋ ದುರಗವ್ವ
ಮಧ್ಯಾಹ್ನ ಬುತ್ತಿ ಬಿಚ್ಚೂ ಹೊತ್ತಿಗೆ ಮೆಟ್ಟಲ ಹತ್ತಿ ಬಂದ್ಲು,
ಕೆಂಪು ಬೆರಳಾಗ ಫೋನು:
"ಅಕ್ಕಾ, ಇದರಾಗ ಇಂದುಮತಿ ಅಂತ ಬರಾಕ್ಹತ್ತೈತಿ,
ಕೀಲಿ ಹಾಕೈತಿ.
ಯಾರವ್ವಾ ಅದು, ಹೊಸದಾಗಿ ಬಂದಾರೇನು?"

ಸೀನು ಬಂತು. ಸೀನಿದೆ.
ಸೆರಗಲೇ ಮೂಗು ಒರಸಿಕೊಂಡು
ಆಕೀಗೆ ಪಾಸ್‌ವರ್ಡು ಹೇಳಿದೆ.