ಮೆಟ್ಟಿಲು, ಎರಡು ನಲವತ್ತು

ಖೋರ್‌ಫಕ್ಕಾನಿನ ಆರು ಮಂಚದ ಕೋಣೆಯಲ್ಲಿ
ಐದು ಗೊರಕೆ.

ಜಾಯಿಕಾಯಿ ತೇಯ್ದು ಕುಡಿ ಎಂದ ಮೂಸಕುಂಞಿ.
ಶಿರ್ವದ ಲ್ಯಾನ್ಸಿ ದಿಂಬಿನಡಿ ಜಪಸರ ಇಟ್ಟುಹೋದ.
ಗಸಗಸೆ ಪಾಯಸ ಕುಡಿದರೆ ಹೆಣದ ಹಾಗೆ ಬೀಳ್ತೀ,
ಫೋನಿನಲ್ಲಿ ಅಕ್ಕ.
ಅಕ್ಕಾ, ಗಸಗಸೆ ತಂದವನನ್ನು ಇಲ್ಲಿ
ಲಾಕಪ್ಪಿನಲ್ಲೇ ಮಲಗಿಸುತ್ತಾರೆ.

ನಾನು ಕ್ರೇನ್ ಹತ್ತುವವನು.
ಮೂವತ್ತು ಟನ್ನು ಗಾಳಿಯಲ್ಲಿ ತೂಗುವಾಗ
ಒಂದು ಸಲ ರೆಪ್ಪೆ ಅಂಟಿತು.
ಯಾರೂ ನೋಡಲಿಲ್ಲ.

ಕ್ಲಿನಿಕ್ಕಿನ ಸುಡಾನಿ ಡಾಕ್ಟರಮ್ಮ ಗುಳಿಗೆ ಬರೆಯಲಿಲ್ಲ;
ಕೇಳಿದರು: ಯಾವ ಶಿಫ್ಟು, ದಿನಕ್ಕೆ ಎಷ್ಟು ಸುಲೈಮಾನಿ,
ಎದ್ದಾಗ ತಲೆ ಭಾರವೇ,
ಯಾವತ್ತಿನಿಂದ.
ಕಾಣೆಯಾದ ಮಗುವಿನ ಚಹರೆ ಕೇಳುವ ಹಾಗೆ.
ಎಂಟು ತಿಂಗಳಲ್ಲಿ ನನ್ನ ನಿದ್ದೆಯನ್ನು
ಯಾರೂ ಹೀಗೆ ಹುಡುಕಿರಲಿಲ್ಲ.
ನುಂಗಿಕೊಂಡಿದ್ದ ಕ್ರೇನಿನ ಮಾತು ತಾನಾಗಿ ಹೊರಬಂತು.
ಪೆನ್ನು ಕೆಳಗಿಟ್ಟರು. ಆಮೇಲೆ ಚೀಟಿ:
ಎರಡು ವಾರ ನೆಲದ ಮೇಲಿನ ಕೆಲಸ.

ನಿದ್ದೆ ಬಾರದಿದ್ದರೆ ಹೊರಳಾಡಬೇಡ,
ಎದ್ದು ಇನ್ನೊಂದು ಕೋಣೆಗೆ ಹೋಗು, ಎಂದರು.
ಇನ್ನೊಂದು ಕೋಣೆ!
ನಾನು ನಕ್ಕೆ. ಅವರು ನಗಲಿಲ್ಲ.
ಕೋಣೆಯನ್ನು ಹೊಡೆದು ಹಾಕಿ
ಮೆಟ್ಟಿಲು ಎಂದು ಬರೆದರು.

ಈಗ ಎರಡು ನಲವತ್ತು. ಮೂರನೇ ಮಹಡಿ ಮೆಟ್ಟಿಲು.
ತೊಡೆಯ ಮೇಲೆ ಅವರು ಕೊಟ್ಟ ಹಾಳೆ:
ಮಲಗಿದ್ದು, ಬಂದದ್ದು, ಎದ್ದದ್ದು.
ಮೊನ್ನೆ ಎರಡೂವರೆ ಗಂಟೆ.
ನಿನ್ನೆ ಮೂರು ಗಂಟೆ ಹತ್ತು ನಿಮಿಷ,
ಆ ಹತ್ತು ನಿಮಿಷ ನಿಜವೋ ಆಸೆಯೋ ಗೊತ್ತಿಲ್ಲ.
ಬಂದರಿನಲ್ಲಿ ಯಾರೋ ನನ್ನ ಕ್ರೇನು ತಿರುಗಿಸುತ್ತಿದ್ದಾನೆ,
ಚೆನ್ನಾಗಿಯೇ.

ಒಂದು ಆಕಳಿಕೆ ಬಂತು.
ಅದಕ್ಕೆ ಕಾಲಂ ಇಲ್ಲ.
ಅಂಚಿನಲ್ಲಿ ಬರೆದುಕೊಂಡೆ.